ಕುದಿಸಿದರೂ ಸಾಯದ್ದು

ಆಪರೇಷನ್ ಥಿಯೇಟರಿನ ಕತ್ತರಿ, ಚಿಮುಟ, ಬಟ್ಟೆಗಳನ್ನು ಹಬೆಯಲ್ಲಿ ಬೇಯಿಸುವ ಆಟೊಕ್ಲೇವ್ ತನ್ನ ಕೆಲಸ ಸರಿಯಾಗಿ ಮಾಡಿದೆಯೇ ಎಂದು ನೋಡಲು ಆಸ್ಪತ್ರೆಗಳು ಬಳಸುವ ಸಾಧನ ಬೆರಳುದ್ದದ ಒಂದು ಪ್ಲಾಸ್ಟಿಕ್ ಕೊಳವೆ. ಅದರೊಳಗೆ ಸಣ್ಣದೊಂದು ಕಾಗದದ ಪಟ್ಟಿ. ಪಟ್ಟಿಯ ಮೇಲೆ ಲಕ್ಷದಿಂದ ಹತ್ತು ಲಕ್ಷದಷ್ಟು ಬ್ಯಾಕ್ಟೀರಿಯಾ ಬೀಜಾಣುಗಳು. ಪಕ್ಕದಲ್ಲೇ ತೆಳು ಗಾಜಿನ ಆಂಪೂಲು, ಅದರಲ್ಲಿ ನೇರಳೆ ಬಣ್ಣದ ದ್ರವ. ಕೊಳವೆಯನ್ನು ಉಳಿದ ಸಾಮಾನಿನ ಜೊತೆಗೇ ಆಟೊಕ್ಲೇವಿನಲ್ಲಿಟ್ಟು 121 ಡಿಗ್ರಿಯ ಹಬೆಯಲ್ಲಿ ಬೇಯಿಸುತ್ತಾರೆ. ಹೊರತೆಗೆದು, ಆರಿದ ಮೇಲೆ ಹಿಸುಕಿದರೆ ಒಳಗಿನ ಗಾಜು ಒಡೆದು ದ್ರವ ಕಾಗದವನ್ನು ತೋಯಿಸುತ್ತದೆ. ಆಮೇಲೆ 55–60 ಡಿಗ್ರಿಯ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಕಾಯುವುದು. ನೇರಳೆ ಹಾಗೇ ಉಳಿದರೆ ಸರಿ. ಹಳದಿಗೆ ತಿರುಗಿತೋ, ಆ ಇಡೀ ಹೊರೆ ಮತ್ತೆ ಬೇಯಬೇಕು.

ಆ ನೇರಳೆ ದ್ರವ ಔಷಧವೂ ಅಲ್ಲ, ವಿಷವೂ ಅಲ್ಲ. ಅದು ಊಟ: ಸಕ್ಕರೆ, ಅಮೈನೊ ಆಮ್ಲಗಳು, ಜೊತೆಗೆ ಆಮ್ಲ ಹುಟ್ಟಿದರೆ ಬಣ್ಣ ಬದಲಿಸುವ ಒಂದು ಸೂಚಕ. ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಎಂಬ ಈ ಬ್ಯಾಕ್ಟೀರಿಯಾದ ಬೀಜಾಣು ಸತ್ತಿದೆಯೋ ಬದುಕಿದೆಯೋ ಎಂಬುದು ಸೂಕ್ಷ್ಮದರ್ಶಕಕ್ಕೂ ಅಷ್ಟು ಸುಲಭಕ್ಕೆ ತಿಳಿಯದು. ಊಟ ಬಡಿಸಿಯೇ ನೋಡಬೇಕು. ಬದುಕಿದ್ದರೆ ಏಳುತ್ತದೆ, ತಿನ್ನುತ್ತದೆ, ಹುಳಿ ಬಿಡುತ್ತದೆ.

ಶಿವಮೊಗ್ಗ ಜಿಲ್ಲೆಗೆ ಸೂಕ್ಷ್ಮಜೀವಿಗಳ ಸಂಗತಿ ಹೊಸದೇನಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಿನಿಂದ ಇಲ್ಲಿನ ಹಳ್ಳಿಯವರಿಗೂ ವೈರಸ್ ಎಂಬ ಮಾತು ಗೊತ್ತು. ಅಡಿಕೆ ತೋಟದವರಿಗೆ ಬೀಜಾಣು ಎಂದ ಕೂಡಲೇ ಕೊಳೆರೋಗ ನೆನಪಾಗುತ್ತದೆ. ಆದರೆ ಕೊಳೆರೋಗ ಹರಡುವ ಬೀಜಾಣು ಮೃದು ಜೀವಿ. ಒಣ ಬಿಸಿಲಿಗೆ ಬಾಡುತ್ತದೆ, ಬೋರ್ಡೊ ದ್ರಾವಣಕ್ಕೆ ಸಾಯುತ್ತದೆ. ಬ್ಯಾಕ್ಟೀರಿಯಾ ಬೀಜಾಣುವಿನ ಜಾತಿಯೇ ಬೇರೆ. ಅದು ಸಂತಾನಕ್ಕಾಗಿ ಹುಟ್ಟಿದ್ದಲ್ಲ, ಕೇಡುಗಾಲ ಕಳೆಯಲು ಹುಟ್ಟಿದ್ದು. ಬ್ಯಾಸಿಲಸ್, ಕ್ಲಾಸ್ಟ್ರಿಡಿಯಂ ಕುಲದ ಬ್ಯಾಕ್ಟೀರಿಯಾಗಳು ಆಹಾರ ಮುಗಿಯುತ್ತಾ ಬಂದಾಗ ತಮ್ಮೊಳಗೇ ಒಂದು ಗಟ್ಟಿ ಕಾಳು ಕಟ್ಟಿಕೊಂಡು, ಹೊರಗಿನ ದೇಹವನ್ನು ಕಳಚಿಬಿಡುತ್ತವೆ. ಒಂದು ಕೋಶಕ್ಕೆ ಒಂದೇ ಕಾಳು.

ಸೂಕ್ಷ್ಮಜೀವಿ ವಿಜ್ಞಾನ ಓದುವ ಹುಡುಗ ಹುಡುಗಿಯರಿಗೆ, ಅವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿರಲಿ ಬೇರೆಲ್ಲೇ ಇರಲಿ, ಈ ಕಾಳಿನ ಗಟ್ಟಿತನ ಮೊದಲು ಅರ್ಥವಾಗುವುದು ಬಣ್ಣ ಹಾಕುವಾಗ. ಸಾಮಾನ್ಯ ಬಣ್ಣವೇನೂ ಅದರೊಳಗೆ ಇಳಿಯುವುದಿಲ್ಲ. ಗಾಜಿನ ಪಟ್ಟಿಯನ್ನು ಕುದಿನೀರಿನ ಹಬೆಯ ಮೇಲಿಟ್ಟು, ಮ್ಯಾಲಕೈಟ್ ಗ್ರೀನ್ ಎಂಬ ಹಸಿರನ್ನು ಆರದಂತೆ ಮತ್ತೆ ಮತ್ತೆ ತೊಟ್ಟಿಕ್ಕಿಸಬೇಕು. ಒಮ್ಮೆ ಇಳಿಯಿತೋ, ಆಮೇಲೆ ತೊಳೆದರೂ ಹೋಗದು. ಸುತ್ತಲಿನ ಜೀವಕೋಶ ಮಾತ್ರ ನೀರಿಗೆ ಬಣ್ಣ ಬಿಟ್ಟು, ಮುಂದೆ ಹಾಕುವ ಸ್ಯಾಫ್ರನಿನ್‌ಗೆ ಕೆಂಪಾಗುತ್ತದೆ. ಕೆಂಪು ಕಡ್ಡಿಗಳ ನಡುವೆ ಹಸಿರು ಚುಕ್ಕಿಗಳು. ಪರೀಕ್ಷೆಯಲ್ಲಿ ಅಂಕ ಬರುವುದು ಇಷ್ಟಕ್ಕೇ. ಆದರೆ ಕಥೆ ಇರುವುದು ಆ ಹಸಿರು ಚುಕ್ಕಿ ಒಂದು ದಿನ ಕೆಂಪು ಕಡ್ಡಿಯಾಗುವುದರಲ್ಲಿ.

ಹಾಲಿನಲ್ಲೂ ಇದೇ ಕಥೆ ನಡೆಯುತ್ತದೆ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿ ಇದೆ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆಯ ಹಾಲು ಒಕ್ಕೂಟ ‘ಶಿಮುಲ್’ ಇರುವುದು ಅಲ್ಲೇ. ಹಸುವಿನ ಕೆಚ್ಚಲಿಗೆ ಮೆತ್ತಿದ ಮಣ್ಣು, ಸಗಣಿ, ಒಣಹುಲ್ಲಿನ ದೂಳು, ಇವಿಷ್ಟೂ ಬೀಜಾಣುವಿನ ತವರು. ಎಷ್ಟೇ ಎಚ್ಚರಿಕೆಯಿಂದ ಕರೆದರೂ ಒಂದಷ್ಟು ಹಾಲಿಗೆ ಬಂದೇ ಬರುತ್ತವೆ. ಪಾಶ್ಚರೀಕರಣದ ಸಾಮಾನ್ಯ ಲೆಕ್ಕ 72 ಡಿಗ್ರಿ, 15 ಸೆಕೆಂಡು. ಕ್ಷಯದ ರೋಗಾಣು, ಟೈಫಾಯ್ಡ್ ರೋಗಾಣು ಸಾಯಲು ಅಷ್ಟು ಸಾಕು. ಬೀಜಾಣುವಿಗೆ ಅದು ಏನೂ ಅಲ್ಲ. ಇನ್ನೂ ಕೆಟ್ಟ ಸುದ್ದಿಯೆಂದರೆ, ಅಂಥ ಹದವಾದ ಬಿಸಿ ಅನೇಕ ಬೀಜಾಣುಗಳನ್ನು ಏಳಲು ಸಿದ್ಧಗೊಳಿಸುತ್ತದೆ. ಜೊತೆಗೆ ಪೈಪೋಟಿ ಕೊಡುವ ಉಳಿದ ಬ್ಯಾಕ್ಟೀರಿಯಾಗಳೂ ಸತ್ತಿರುತ್ತವೆ.

ಹಾಲು ಹುಳಿಯಾಗಿ ಒಡೆಯುವುದನ್ನು ಎಲ್ಲರೂ ನೋಡಿದ್ದೇವೆ. ಆದರೆ ಕೆಲವು ಸಲ ಫ್ರಿಜ್ಜಿನಲ್ಲಿಟ್ಟ ಪ್ಯಾಕೆಟ್ ಹಾಲು ಹುಳಿ ವಾಸನೆಯೇ ಇಲ್ಲದೆ, ಒಲೆಗಿಟ್ಟ ಕೂಡಲೇ ಒಡೆದುಬಿಡುತ್ತದೆ. ಬಿಸಿ ಕಾಫಿಯ ಮೇಲೆ ಕೆನೆ ಸಣ್ಣ ಸಣ್ಣ ಚೂರಾಗಿ ತೇಲುವುದೂ ಉಂಟು. ಇದು ಬಹುಮಟ್ಟಿಗೆ ಬ್ಯಾಸಿಲಸ್ ಸೀರಿಯಸ್‌ನ ಕೈವಾಡ. ಡೇರಿಯ ಬಿಸಿಯನ್ನು ದಾಟಿದ ಬೀಜಾಣು ಹಾಲಿನಲ್ಲೇ ಎದ್ದು, ಹುಳಿ ಬಿಡದೆ, ಪ್ರೋಟೀನನ್ನೂ ಕೊಬ್ಬಿನ ಹನಿಗಳ ಹೊರಪೊರೆಯನ್ನೂ ಕತ್ತರಿಸುವ ಕಿಣ್ವ ಬಿಟ್ಟಿರುತ್ತದೆ. ತಿಂಗಳುಗಟ್ಟಲೆ ಫ್ರಿಜ್ಜಿನ ಹೊರಗೇ ಇರುವ ನಂದಿನಿ ಗುಡ್‌ಲೈಫ್‌ನಂಥ ಯುಎಚ್‌ಟಿ ಹಾಲನ್ನು ಕೆಲವೇ ಸೆಕೆಂಡು ಕಾಲ 135 ಡಿಗ್ರಿಗೂ ಮೇಲೆ ಕಾಯಿಸುವುದು ಇದೇ ಕಾರಣಕ್ಕೆ. ಅಲ್ಲಿ ಗುರಿ ರೋಗಾಣುವಲ್ಲ, ಬೀಜಾಣು.

ಹಾಗಾದರೆ ವರ್ಷಗಟ್ಟಲೆ ಉಸಿರಾಡದೆ, ತಿನ್ನದೆ ಬಿದ್ದಿದ್ದ ಕಾಳಿಗೆ ‘ಊಟ ಬಂದಿದೆ’ ಎಂದು ಹೇಳುವವರು ಯಾರು? 1949ರ ಹೊತ್ತಿಗೆ ಬ್ರಿಟನ್ನಿನ ಜಿ.ಎಂ. ಹಿಲ್ಸ್ ಎಂಬ ವಿಜ್ಞಾನಿ ಇದರ ಒಂದು ತುದಿ ಹಿಡಿದರು. ಬೀಜಾಣು ಏಳಲು ಹೊಟ್ಟೆ ತುಂಬುವಷ್ಟು ಊಟ ಬೇಕಿಲ್ಲ, ಎಲ್-ಅಲನೀನ್ ಎಂಬ ಒಂದು ಸಣ್ಣ ಅಮೈನೊ ಆಮ್ಲ, ಅಡಿನೊಸೀನ್‌ನಂಥ ಒಂದು ಅಣು, ಅಷ್ಟು ಸಿಕ್ಕರೆ ಸಾಕು. 1953ರಲ್ಲಿ ಜೋನ್ ಪೊವೆಲ್, ಏಳುತ್ತಿರುವ ಬೀಜಾಣುಗಳು ಡೈಪಿಕೊಲಿನಿಕ್ ಆಮ್ಲ ಎಂಬುದನ್ನು ಧಾರಾಳವಾಗಿ ಹೊರಚೆಲ್ಲುತ್ತವೆ ಎಂದು ಕಂಡುಕೊಂಡರು. ಬೀಜಾಣುವಿನ ಒಣತೂಕದಲ್ಲಿ ಸುಮಾರು ಹತ್ತನೆಯ ಒಂದು ಭಾಗ ಅದೇ. ಕ್ಯಾಲ್ಸಿಯಂ ಜೊತೆ ಸೇರಿ ಒಳತಿರುಳಿನಲ್ಲಿ ನೀರಿಗೆ ಜಾಗವಿಲ್ಲದಂತೆ ತುಂಬಿಕೊಂಡಿರುತ್ತದೆ. ನೀರಿಲ್ಲದ ಕಡೆ ಬಿಸಿಯ ಆಟ ನಡೆಯದು. ಬೀಜಾಣು ಕುದಿನೀರಿಗೆ ಬಗ್ಗದಿರುವುದರ ದೊಡ್ಡ ಕಾರಣ ಈ ಒಣಗಿದ ತಿರುಳು.

ಮುಂದಿನ ದಶಕಗಳಲ್ಲಿ ಅಮೆರಿಕದ ಕನೆಕ್ಟಿಕಟ್‌ನ ಪೀಟರ್ ಸೆಟ್ಲೊ ಮುಂತಾದವರು ಒಳಗಿನ ಯಂತ್ರವನ್ನು ಬಿಡಿಸಿ ನೋಡಿದರು. ಬೀಜಾಣುವಿನ ಒಳಪೊರೆಯಲ್ಲಿ ಗ್ರಾಹಕ ಪ್ರೋಟೀನುಗಳೆಂಬ ಬೀಗಗಳಿವೆ. ಬ್ಯಾಸಿಲಸ್ ಸಬ್ಟಿಲಿಸ್‌ನ ಒಂದು ಬೀಗಕ್ಕೆ ಎಲ್-ಅಲನೀನ್ ಒಂದೇ ಕೀಲಿ ಸಾಕು. ಇನ್ನೆರಡು ಬೀಗ ಒಟ್ಟಿಗೆ ತೆರೆಯಲು ಆಸ್ಪರಜೀನ್, ಗ್ಲೂಕೋಸ್, ಫ್ರಕ್ಟೋಸ್, ಪೊಟ್ಯಾಸಿಯಂ ನಾಲ್ಕೂ ಬೇಕು. ಕೀಲಿ ತಿರುಗಿದ ಕೆಲವೇ ನಿಮಿಷಗಳಲ್ಲಿ ಡೈಪಿಕೊಲಿನಿಕ್ ಆಮ್ಲ ಹೊರನುಗ್ಗುತ್ತದೆ, ನೀರು ಒಳನುಗ್ಗುತ್ತದೆ, ಎರಡು ಕಿಣ್ವಗಳು ಸುತ್ತಲಿನ ದಪ್ಪ ಗೋಡೆಯನ್ನು ಕರಗಿಸುತ್ತವೆ. ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ ಫಳಫಳ ಹೊಳೆಯುತ್ತಿದ್ದ ಚುಕ್ಕಿ ಕಣ್ಣೆದುರೇ ಮಂಕಾಗಿ ಕಪ್ಪಾಗುತ್ತದೆ. ಆ ಕ್ಷಣದಿಂದ ಅದರ ಎಲ್ಲ ರಕ್ಷೆಯೂ ಮುಗಿಯಿತು. ಈಗ ಅದನ್ನು ಕೊಲ್ಲಲು ಆಟೊಕ್ಲೇವ್ ಬೇಡ, ಸಾಧಾರಣ ಬಿಸಿಯೇ ಸಾಕು.

ಅಲನೀನ್‌ಗೆ ಒಂದು ಕನ್ನಡಿ ರೂಪವಿದೆ, ಡಿ-ಅಲನೀನ್. ಅದೇ ಪರಮಾಣುಗಳು, ತಿರುವು ಮಾತ್ರ ಎಡಬಲ. ಇದು ಬೀಗದೊಳಗೆ ಹೋಗುತ್ತದೆ, ತಿರುಗುವುದಿಲ್ಲ. ಹೋದದ್ದು ಅಲ್ಲೇ ಕೂರುವುದರಿಂದ ನಿಜವಾದ ಕೀಲಿಗೂ ಜಾಗವಿಲ್ಲ. ಸೋಜಿಗವೆಂದರೆ, ಅನೇಕ ಬೀಜಾಣುಗಳು ಎಲ್ ರೂಪವನ್ನು ಡಿ ರೂಪಕ್ಕೆ ತಿರುಚುವ ಕಿಣ್ವವನ್ನು ಮೈಮೇಲೆ ತಾವೇ ಹೊತ್ತಿರುತ್ತವೆ. ಒಂದೇ ಕಡೆ ಬೀಜಾಣುಗಳ ಗುಂಪು ದಟ್ಟವಾಗಿದ್ದರೆ ಇದ್ದಬದ್ದ ಎಲ್-ಅಲನೀನ್ ತಿರುಚಿಹೋಗಿ ಬಹಳಷ್ಟು ಏಳುವುದೇ ಇಲ್ಲ. ಊಟ ಸ್ವಲ್ಪ, ಬಾಯಿ ಬಹಳ ಇರುವಲ್ಲಿ ಎಲ್ಲರೂ ಒಟ್ಟಿಗೆ ಎದ್ದರೆ ಎಲ್ಲರೂ ಸಾಯಬೇಕಾದೀತು ಎಂಬ ಲೆಕ್ಕ ಇದರಲ್ಲಿದೆ ಎಂದು ನನಗನ್ನಿಸುತ್ತದೆ.

ಸತ್ತಂತೆ ಬಿದ್ದಿರುವ ಈ ಕಾಳು ಲೆಕ್ಕವನ್ನೂ ಇಡುತ್ತದೆ. 2022ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದ ಪ್ರಯೋಗದಲ್ಲಿ, ಏಳಿಸಲು ಸಾಲದಷ್ಟು ಕಿರು ಊಟವನ್ನು ಕೊಟ್ಟು ನಿಲ್ಲಿಸಿ, ಮತ್ತೆ ಕೊಟ್ಟು ನೋಡಿದರು. ಪ್ರತಿ ಸಲವೂ ಬೀಜಾಣು ತನ್ನೊಳಗಿನ ಪೊಟ್ಯಾಸಿಯಂನಲ್ಲಿ ಒಂದಿಷ್ಟನ್ನು ಹೊರಬಿಡುತ್ತಿತ್ತು. ಹೀಗೆ ಖರ್ಚಾಗುತ್ತಾ ಹೋಗಿ ಒಂದು ಮಿತಿ ದಾಟಿದಾಗ ಏಳುತ್ತಿತ್ತು. ಒಂದು ಗುಟುಕಿಗೆ ಮೋಸ ಹೋಗುವ ಜಾತಿಯಲ್ಲ.

ಇಲ್ಲಿಯವರೆಗಿನದು ಏಳಿಸುವವರ ಕಥೆ. ತಡೆಯುವವರ ಕಥೆಯಲ್ಲಿ ದೊಡ್ಡವರೂ ಎಡವಿದ್ದಾರೆ. ನೆರಡಿ (ಆಂಥ್ರಾಕ್ಸ್) ರೋಗದ ಬೀಜಾಣುವಿನ ಜೀವನಚಕ್ರವನ್ನು 1876ರಲ್ಲಿ ಜಗತ್ತಿಗೆ ತೋರಿಸಿಕೊಟ್ಟ ರಾಬರ್ಟ್ ಕಾಕ್, 1881ರಲ್ಲಿ ಸೋಂಕುನಾಶಕಗಳನ್ನು ಒಂದೊಂದಾಗಿ ಪರೀಕ್ಷಿಸಿ, ಪಾದರಸದ ಕ್ಲೋರೈಡ್ ಬಹಳ ತೆಳುವಾದ ದ್ರಾವಣದಲ್ಲೂ ಬೀಜಾಣುಗಳನ್ನು ಕೊಲ್ಲುತ್ತದೆ ಎಂದರು. ಆಸ್ಪತ್ರೆಗಳು ನಂಬಿದವು. 1889ರಲ್ಲಿ ಗೆಪರ್ಟ್ ಎಂಬಾತ, ಹಾಗೆ ‘ಸತ್ತ’ ಬೀಜಾಣುಗಳಿಗೆ ಅಮೋನಿಯಂ ಸಲ್ಫೈಡ್ ಹಾಕಿ ಅಂಟಿಕೊಂಡ ಪಾದರಸವನ್ನು ಕಿತ್ತುಹಾಕಿದಾಗ ಅವು ಎದ್ದು ಕೂತವು. ಪಾದರಸ ಅವುಗಳನ್ನು ಕೊಂದಿರಲಿಲ್ಲ, ತಡೆದಿತ್ತು ಅಷ್ಟೆ. ತಡೆದದ್ದನ್ನು ಕೊಂದದ್ದೆಂದು ತಿಳಿಯುವ ಈ ತಪ್ಪನ್ನು ನಮ್ಮ ಮನೆ, ಕೊಟ್ಟಿಗೆ, ಅಡುಗೆಮನೆಗಳಲ್ಲಿ ನಾವು ಇಂದಿಗೂ ಮಾಡುತ್ತಲೇ ಇದ್ದೇವೆ.

ಹೀಗೆ ತಡೆಯುವ ರಾಸಾಯನಿಕಗಳ ಜಾಡು ಹಿಡಿದರೆ ಭದ್ರಾವತಿಗೂ ತಲುಪಬಹುದು. ಅದನ್ನು ನಾವು ಉಕ್ಕಿನ ಊರು ಎನ್ನುತ್ತೇವೆ. 1923ರಲ್ಲಿ ಉತ್ಪಾದನೆ ಶುರುಮಾಡಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಜೊತೆಗೆ ಕಟ್ಟಿಗೆ ಬಟ್ಟಿ ಇಳಿಸುವ ಘಟಕವೂ ಇತ್ತು. ಕುಲುಮೆಗೆ ಕಲ್ಲಿದ್ದಲಿಲ್ಲ, ಸುತ್ತ ಮಲೆನಾಡಿನ ಕಾಡಿತ್ತು. ಮರವನ್ನು ಗಾಳಿಯಿಲ್ಲದ ಪಾತ್ರೆಯಲ್ಲಿ ಕಾಯಿಸಿದರೆ ಇದ್ದಿಲು ಸಿಗುತ್ತದೆ. ಹೊಗೆಯನ್ನು ತಣಿಸಿದರೆ ಅಸಿಟಿಕ್ ಆಮ್ಲ, ಮೆಥನಾಲ್, ಮರದ ಡಾಂಬರು. ಆ ಡಾಂಬರಿನಲ್ಲಿ ಫೀನಾಲ್, ಕ್ರಿಸಾಲ್ ಜಾತಿಯ ರಾಸಾಯನಿಕಗಳಿರುತ್ತವೆ. ಮಲೆನಾಡಿನ ಅಡುಗೆಮನೆಯ ಅಟ್ಟದಲ್ಲಿ ಹೊಗೆ ಹಿಡಿದ ಸಾಮಾನು ಬೇಗ ಕೆಡದಿರುವುದಕ್ಕೆ ಒಂದು ಕಾರಣ ಒಣಗುವುದು, ಇನ್ನೊಂದು ಇದೇ ಫೀನಾಲ್‌ಗಳು. ಅವುಗಳ ಸಾಮರ್ಥ್ಯ ಎಂಥದೆಂದರೆ, ಬ್ಯಾಕ್ಟೀರಿಯಾ ಸಾಯುತ್ತದೆ, ಬೀಜಾಣು ಏಳದೆ ಕೂರುತ್ತದೆ. ಆದರೆ ಸಾಯುವುದಿಲ್ಲ. ನೆಲ ಒರೆಸುವ ಫಿನಾಯಿಲ್‌ನ ಹಣೆಬರಹವೂ ಅಷ್ಟೇ. ಕೈಗೆ ಸವರಿಕೊಳ್ಳುವ ಸ್ಯಾನಿಟೈಸರ್ ಅಂತೂ ಬೀಜಾಣುವಿಗೆ ಹೆಚ್ಚುಕಡಿಮೆ ನೀರಿದ್ದಂತೆಯೇ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದುಕೊಂಡರೆ ಕೊಲ್ಲದಿದ್ದರೂ ಕೊಚ್ಚಿಯಾದರೂ ಹೋಗುತ್ತದೆ.

ಕೊಟ್ಟಿಗೆಯಲ್ಲಿ ಇದು ಇನ್ನೂ ಗಂಭೀರ. ನೆರಡಿಯಿಂದ ಸತ್ತ ದನವನ್ನು ಕುಯ್ಯಬಾರದು, ಚರ್ಮ ಸುಲಿಯಬಾರದು ಎಂದು ಪಶುವೈದ್ಯರು ಕಡ್ಡಾಯವಾಗಿ ಹೇಳುವುದಕ್ಕೆ ಕಾರಣವಿದೆ. ಮುಚ್ಚಿದ ಹೆಣದೊಳಗೆ ಗಾಳಿಯಿಲ್ಲದೆ ಬ್ಯಾಕ್ಟೀರಿಯಾ ಕೊಳೆತು ಸಾಯುತ್ತದೆ. ಕುಯ್ದರೆ ರಕ್ತ ಗಾಳಿಗೆ ಬಿದ್ದು ಬೀಜಾಣು ಕಟ್ಟುತ್ತದೆ, ಆಮೇಲೆ ದಶಕಗಳವರೆಗೆ ಆ ಮಣ್ಣು ಸುರಕ್ಷಿತವಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಇದೇ ಬೀಜಾಣುವನ್ನು ಪರೀಕ್ಷಿಸಿದ ಸ್ಕಾಟ್ಲೆಂಡಿನ ಗ್ರೂನಾರ್ಡ್ ದ್ವೀಪಕ್ಕೆ ಸುಮಾರು ಅರ್ಧ ಶತಮಾನ ಯಾರೂ ಕಾಲಿಡುವಂತಿರಲಿಲ್ಲ. ಕೊನೆಗೆ 1986ರಲ್ಲಿ ಸಮುದ್ರದ ನೀರಿನಲ್ಲಿ ಫಾರ್ಮಾಲ್ಡಿಹೈಡ್ ಬೆರೆಸಿ ಇಡೀ ನೆಲಕ್ಕೆ ಸುರಿಯಬೇಕಾಯಿತು. ಫಾರ್ಮಾಲ್ಡಿಹೈಡ್ ತಡೆಯುವ ಜಾತಿಯದಲ್ಲ, ಕೊಲ್ಲುವ ಜಾತಿಯದು. ಹೂಳುವ ಗುಂಡಿಗೆ ಸುಣ್ಣ ಸುರಿಯುವ ನಮ್ಮ ರೂಢಿಯ ಬಗ್ಗೆ ತಜ್ಞರಲ್ಲಿ ಈಗ ಅನುಮಾನವಿದೆ, ಕ್ಯಾಲ್ಸಿಯಂ ಹೆಚ್ಚಿರುವ ಮಣ್ಣಿನಲ್ಲಿ ಈ ಬೀಜಾಣು ಹೆಚ್ಚು ಕಾಲ ಬಾಳುತ್ತದೆ ಎಂಬ ಕಾರಣಕ್ಕೆ. ಲಸಿಕೆಯ ಕಥೆ ಇದಕ್ಕೆ ಉಲ್ಟಾ. 1930ರ ದಶಕದಲ್ಲಿ ಮ್ಯಾಕ್ಸ್ ಸ್ಟರ್ನ್ ರೂಪಿಸಿದ ನೆರಡಿ ಲಸಿಕೆ ಎಂದರೆ ಹಲ್ಲು ಕಿತ್ತ ತಳಿಯ ಜೀವಂತ ಬೀಜಾಣುಗಳೇ. ಅವು ದನದ ಮೈಯೊಳಗೆ ಎದ್ದರೆ ಮಾತ್ರ ಲಸಿಕೆ ಫಲಿಸುತ್ತದೆ.

ಎದ್ದರೆ ಮಾತ್ರ ಫಲ ಎಂಬುದು ತೋಟದವರಿಗೂ ಗೊತ್ತಿರಬೇಕು. ಜೈವಿಕ ರೋಗನಾಶಕವೆಂದು ಮಾರುವ ಬ್ಯಾಸಿಲಸ್ ಸಬ್ಟಿಲಿಸ್ ಪುಡಿ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೆಡದಿರುವುದು ಅದು ಬೀಜಾಣುವಾಗಿರುವುದರಿಂದ. ಕೊಟ್ಟಿಗೆ ಗೊಬ್ಬರಕ್ಕೆ ಬೆಲ್ಲದ ನೀರು ಚಿಮುಕಿಸಿ ಬೆರೆಸಿಡುವುದು ಅದನ್ನು ಎಬ್ಬಿಸಲು, ಬೆಳೆಸಲು. ಹಾಗೆ ಎಬ್ಬಿಸಿ ಹಾಕಿದ ಬುಡಕ್ಕೇ ಮರುದಿನ ತಾಮ್ರದ ದ್ರಾವಣ ಹೊಯ್ದರೆ ದುಡ್ಡು ನೀರಿಗೆ ಹಾಕಿದಂತೆ. ಮಲಗಿದ್ದಾಗ ತಡೆದುಕೊಳ್ಳುತ್ತಿದ್ದ ವಿಷವನ್ನು ಎದ್ದ ಜೀವಕೋಶ ತಡೆದುಕೊಳ್ಳದು.

ಈಗ ಜೇನಿನ ವಿಷಯ. ಜೇನುತುಪ್ಪದಲ್ಲಿ ಸಕ್ಕರೆ ಎಷ್ಟು ದಟ್ಟವೆಂದರೆ ಯಾವ ಬೀಜಾಣುವಿಗೂ ಎದ್ದು ಬೆಳೆಯುವಷ್ಟು ನೀರು ಸಿಗುವುದಿಲ್ಲ. ವರ್ಷವಾದರೂ ಕೆಡುವುದಿಲ್ಲ. ಆದರೆ ಕೆಲವು ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಬೀಜಾಣುಗಳು ಮಲಗಿರಬಹುದು. ನಾವು ತಿಂದರೆ ಏನೂ ಆಗದು, ನಮ್ಮ ಕರುಳಿನ ಬ್ಯಾಕ್ಟೀರಿಯಾಗಳೂ ಪಿತ್ತರಸವೂ ಅದನ್ನು ತಲೆ ಎತ್ತಲು ಬಿಡುವುದಿಲ್ಲ. ಎಳೆ ಕೂಸಿನ ಕರುಳಿನಲ್ಲಿ ಆ ಕಾವಲು ಇನ್ನೂ ಹುಟ್ಟಿರುವುದಿಲ್ಲ. ಅಲ್ಲಿ ಬೀಜಾಣು ಎದ್ದು ವಿಷ ಬಿಡುತ್ತದೆ, ಮಗು ಹಾಲು ಚೀಪಲಾರದೆ ಸೊರಗುತ್ತದೆ. 1976ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಯನ್ನು ಗುರುತಿಸಿದರು. ಹುಟ್ಟಿದ ಮಗುವಿನ ನಾಲಿಗೆಗೆ ತುಡುವೆ ಜೇನು ನೆಕ್ಕಿಸುವ ಮನೆಗಳು ಇನ್ನೂ ಇವೆ. ಅದು ಒಳ್ಳೆಯ ಪದ್ಧತಿಯಲ್ಲ. ಒಂದು ವರ್ಷ ತುಂಬುವವರೆಗೆ ಜೇನು ಬೇಡ.

ಆಹಾರದಲ್ಲಿ ಬಳಸುವ ತಡೆಗಳೆಲ್ಲ ಒಂದೇ ಕಡೆ ಕೆಲಸ ಮಾಡುವುದಿಲ್ಲ. ಸಾರ್ಬೇಟ್ ಬಾಗಿಲಲ್ಲೇ, ಏಳುವ ಮೊದಲೇ ತಡೆಯುತ್ತದೆ. ಮಾಂಸಕ್ಕೆ ಹಾಕುವ ನೈಟ್ರೈಟ್, ಚೀಸ್‌ಗೆ ಹಾಕುವ ನೈಸಿನ್ (ಪ್ಯಾಕೆಟ್ ಮೇಲೆ 234 ಎಂದಿರುತ್ತದೆ) ಏಳುವುದನ್ನು ತಡೆಯುವುದಿಲ್ಲ, ಎದ್ದ ಮೇಲೆ ಬೆಳೆಯಲು ಬಿಡುವುದಿಲ್ಲ. ನನ್ನ ಮಟ್ಟಿಗೆ ಈ ಎರಡನೆಯ ಬಗೆಯೇ ಜಾಣತನದ್ದು. ಬಾಗಿಲಲ್ಲಿ ತಡೆದದ್ದು ಕಾಯುತ್ತಾ ಕೂರುತ್ತದೆ, ಎದ್ದು ಸಿಕ್ಕಿಬಿದ್ದದ್ದು ಸಾಯುತ್ತದೆ. ನೈಸಿನ್ ತಯಾರಿಸುವುದು ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್‌ನ ಕೆಲವು ತಳಿಗಳು. ಹಾಲು ಮೊಸರಾಗಿಸುವ ಬಳಗದ್ದೇ ಅದು. ಅಪ್ಪೆಮಿಡಿಯ ಭರಣಿಯಲ್ಲಿ ಉಪ್ಪೂ ಹುಳಿಯೂ ಸೇರಿ ಇದೇ ಕೆಲಸ ಮಾಡುತ್ತವೆ. ಪುಳಿಯೋಗರೆಯ ಹುಣಸೆ, ಚಿತ್ರಾನ್ನದ ನಿಂಬೆ, ಪ್ರಯಾಣಕ್ಕೆಂದು ಹಾಲು ಹೆಚ್ಚು ಹಾಕಿ ಒಂದು ಚಮಚ ಮೊಸರು ಬೆರೆಸುವ ಮೊಸರನ್ನ, ಎಲ್ಲವೂ ಇದೇ ಉಪಾಯದ ಕವಲುಗಳು. ಆದರೆ ಹುಳಿ ಸಾಕಷ್ಟಿರಬೇಕು, ಅನ್ನಕ್ಕೆಲ್ಲ ಹಿಡಿದಿರಬೇಕು. ಬಣ್ಣಕ್ಕೆಂದು ನಾಲ್ಕು ಹನಿ ಹಿಂಡಿದ ನಿಂಬೆ ಯಾವುದನ್ನೂ ತಡೆಯದು.

ಹಿಂದಿನ ದಿನದ ಮೀನುಸಾರು, ಹುಳಿ ಮರುದಿನಕ್ಕೇ ರುಚಿ ಎನ್ನುವವರು ಅದನ್ನು ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಕುದಿಸಿಡುತ್ತಾರೆ. ಇದಕ್ಕೆ ವಿಜ್ಞಾನದಲ್ಲಿ ಗೌರವದ ಪೂರ್ವಜನಿದ್ದಾನೆ. 1870ರ ದಶಕದಲ್ಲಿ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಹುಲ್ಲಿನ ಕಷಾಯ ಕುದಿಸಿ ಪ್ರಯೋಗ ಮಾಡುತ್ತಿದ್ದರು. ಒಣಹುಲ್ಲಿನ ಬೀಜಾಣು ಪ್ರಯೋಗಾಲಯಕ್ಕೆ ಹೊಕ್ಕ ಮೇಲೆ ಗಂಟೆಗಟ್ಟಲೆ ಕುದಿಸಿದರೂ ಕಷಾಯ ಕೆಡತೊಡಗಿತು. 1877ರಲ್ಲಿ ಅವರು ದಾರಿ ಕಂಡರು: ಸ್ವಲ್ಪ ಕುದಿಸಿ, ಬಿಟ್ಟು, ಎದ್ದವನ್ನು ಮತ್ತೆ ಸ್ವಲ್ಪ ಕುದಿಸಿ, ಹೀಗೆ ಮೂರ್ನಾಲ್ಕು ಸಲ. ಇದೇ ಉಪಾಯ ಬರಿಯ ನೀರಿನಲ್ಲಿ ಫಲಿಸುವುದಿಲ್ಲ, ಅಲ್ಲಿ ಬೀಜಾಣುವನ್ನು ಎಬ್ಬಿಸುವ ಊಟವಿಲ್ಲ. ನಮ್ಮ ಸಾರಿನಲ್ಲಿ ಊಟಕ್ಕೇನೂ ಕೊರತೆಯಿಲ್ಲ, ಆದರೆ ಅವು ಎದ್ದು ಬೆಳೆಯುವ ಮೊದಲೇ ಎರಡನೆಯ ಕುದಿ ಬೀಳಬೇಕು. ದೊಡ್ಡ ಹಂಡೆಯ ಬಿರಿಯಾನಿ, ಮಾಂಸದ ಸಾರು ನಿಧಾನವಾಗಿ ಆರುವಾಗ ನಡುವಿನ ಭಾಗ ಗಂಟೆಗಟ್ಟಲೆ 45 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕುದಿತದಿಂದ ಗಾಳಿಯೂ ಹೊರಹೋಗಿರುತ್ತದೆ. ಅಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಮದುವೆ ಮನೆಯ ಮರುದಿನದ ಹೊಟ್ಟೆನೋವಿಗೆ ‘ಎಣ್ಣೆ ಜಾಸ್ತಿಯಾಗಿತ್ತು’ ಎಂಬುದೊಂದೇ ಕಾರಣವಲ್ಲ.

ಅನ್ನದ ಲೆಕ್ಕ ಬೇರೆ. ಅಕ್ಕಿಯ ಜೊತೆ ಗದ್ದೆಯ ಮಣ್ಣಿನಿಂದ ಬಂದ ಬ್ಯಾಸಿಲಸ್ ಸೀರಿಯಸ್ ಬೀಜಾಣು ಬೇಯುವುದನ್ನು ದಾಟುತ್ತದೆ, ಆರುವಾಗ ಏಳುತ್ತದೆ, ಅಡುಗೆಮನೆಯ ಕಟ್ಟೆಯ ಮೇಲೆ ರಾತ್ರಿಯಿಡೀ ಬೆಳೆಯುತ್ತದೆ. 1970ರ ದಶಕದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳ ಫ್ರೈಡ್ ರೈಸ್ ತಿಂದವರು ಕೆಲವೇ ಗಂಟೆಗಳಲ್ಲಿ ವಾಂತಿ ಮಾಡಿಕೊಂಡಾಗ ಇದು ಬೆಳಕಿಗೆ ಬಂತು. ಹಿಂದಿನ ದಿನದ ಅನ್ನಕ್ಕೆ ಒಗ್ಗರಣೆ ಹಾಕುವ ನಮ್ಮ ಚಿತ್ರಾನ್ನ ಅದಕ್ಕೆ ದೂರದ ನೆಂಟನಲ್ಲ. ಹೀಗೆ ಬೆಳೆದ ಕೆಲವು ತಳಿಗಳು ಬಿಡುವ ಸೆರ್ಯುಲೈಡ್ ಎಂಬ ವಿಷಕ್ಕೆ ಟಿಂಡಾಲ್ ಉಪಾಯವೂ ನಡೆಯದು, ಒಗ್ಗರಣೆಯೂ ನಡೆಯದು. ಬ್ಯಾಕ್ಟೀರಿಯಾ ಸತ್ತರೂ ವಿಷ ಉಳಿಯುತ್ತದೆ, 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ. ಆದ್ದರಿಂದ ಮಿಕ್ಕ ಅನ್ನವನ್ನು ಕುಕ್ಕರಿನಲ್ಲೇ ಮುಚ್ಚಿಡಬೇಡಿ. ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಫ್ರಿಜ್ಜಿಲ್ಲದಿದ್ದರೆ ಆ ಹೊತ್ತಿಗೆ ಬೇಕಾದಷ್ಟೇ ಬೇಯಿಸಿ. ರಾತ್ರಿಯೆಲ್ಲ ಹೊರಗುಳಿದ ಅನ್ನವನ್ನು ಬಿಸಿ ಮಾಡಿ ಮಕ್ಕಳಿಗೆ ಹಾಕಬೇಡಿ.